ಎರಡು ನಮೂನೆ ಕಡ್ಡಿ, ಒಂದು ಇದ್ದಿಲು ಬಸ್ಸು

ವೆಲ್ಡಿಂಗ್ ಕಲಿಯುವ ಹುಡುಗರು ಈಗಲೂ ಒಮ್ಮೊಮ್ಮೆ ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಅಂಗಡಿಯಲ್ಲಿ ಎರಡು ನಮೂನೆ ಕಡ್ಡಿ ಸಿಗುತ್ತವೆ, ನೋಡಲು ಎರಡೂ ಒಂದೇ, ಕೈ ಪಳಗಿಸಿಕೊಳ್ಳಲು ಯಾವುದನ್ನು ತರಲಿ ಅಜ್ಜಾ ಎಂದು ಕೇಳುತ್ತಾರೆ. ಒರಟಾಗಿ ಉರಿಯುವುದನ್ನು ತಾ ಎನ್ನುತ್ತೇನೆ. ಯಾಕೆ ಎಂದವರಿಗೆ ಅರ್ಧ ಕಾರಣ ಹೇಳುತ್ತೇನೆ. ಉಳಿದರ್ಧ ಹೇಳಬೇಕಾದರೆ ಹಾನಗಲ್ಲಿನ ಒಬ್ಬ ಹೆಣ್ಣುಮಗಳ ಸುದ್ದಿ ತೆಗೆಯಬೇಕಾಗುತ್ತದೆ. ಅದು ಚಹಾ ಕುಡಿಯುತ್ತ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನಾನು ಹಿರೇಕೆರೂರು ತಾಲೂಕಿನ ಅಬಲೂರಿನವನು. ಮನೆಯಲ್ಲಿ ಎಲ್ಲರೂ ಒಕ್ಕಲುತನದವರು. ನನಗೊಬ್ಬನಿಗೆ ಕಬ್ಬಿಣದ ಹುಚ್ಚು ಹಿಡಿಯಿತು. ದೊಡ್ಡ ಯುದ್ಧ ಶುರುವಾಗುವ ಮುಂಚೆಯೇ ಶಿಗ್ಗಾಂವಿಯ ಒಂದು ಬಸ್ ಶೆಡ್ಡಿಗೆ ಸೇರಿದೆ. ಅಲ್ಲಿಯ ಸಾವಕಾರರ ಬಸ್ಸುಗಳು ಸವಣೂರು, ಬಂಕಾಪುರ, ಹಾನಗಲ್ಲು, ಹಿರೇಕೆರೂರಿನವರೆಗೆ ಓಡುತ್ತಿದ್ದವು. ಶೆಡ್ಡಿಗೆ ಕರೆಂಟು ಬಂದಿರಲಿಲ್ಲ. ಕ್ರೂಡ್ ಆಯಿಲ್ ಎಂಜಿನ್ನಿಗೆ ಪಟ್ಟಾ ಹಾಕಿ, ಅದರಿಂದ ಡೈನಮೋ ತಿರುಗಿಸಿ ವೆಲ್ಡಿಂಗ್ ಮಾಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ನಿಂತು ಆ ನೀಲಿ ಬೆಳಕನ್ನು ಬರಿಗಣ್ಣಿನಿಂದ ನೋಡುತ್ತಿದ್ದರು, ಆಮೇಲೆ ಕಣ್ಣಲ್ಲಿ ಉಸುಕು ಹೊಕ್ಕಂತಾಗಿ ಒದ್ದಾಡುತ್ತಿದ್ದರು. ಶೆಡ್ಡಿನಲ್ಲಿ ಇರುವುದು ಒಳ್ಳೆಯ ಬೆಂಕಿಯಲ್ಲ ಎಂಬ ಮಾತು ಊರಲ್ಲಿ ಆಗಲೇ ಇತ್ತು.

ನನಗೆ ಕಲಿಸಿದವರು ಸವಣೂರಿನ ಇಮಾಮಸಾಬರು. ಮುಂಬಯಿಯ ಹಡಗುಕಟ್ಟೆಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದ್ದರು. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ಮಾತು ಕಡಿಮೆ. ತಪ್ಪು ಮಾಡಿದರೆ ಬಯ್ಯುತ್ತಿರಲಿಲ್ಲ. ಕಡ್ಡಿ ಸಿಕ್ಕಿಸುವ ಹೋಲ್ಡರನ್ನು ಕೈಯಿಂದ ತಗೊಂಡು ಎಂಜಿನ್ ಬಂದ್ ಮಾಡಿಬಿಡುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ಆಗ ನಮ್ಮಲ್ಲಿ ಎರಡು ನಮೂನೆ ಕಡ್ಡಿ ಬರುತ್ತಿದ್ದವು. ಒಂದೇ ಉದ್ದ, ಒಂದೇ ದಪ್ಪ, ಮೇಲೆ ಅದೇ ಬೂದಿ ಬಣ್ಣದ ಲೇಪ. ಒಂದರ ಬುಡಕ್ಕೆ ಹಸಿರು ಬಣ್ಣ ಮುಟ್ಟಿಸಿರುತ್ತಿದ್ದರು, ಮಳೆಗಾಲದ ಪೆಟ್ಟಿಗೆಯಲ್ಲಿ ಅದೂ ಅಳಿಸಿಹೋಗುತ್ತಿತ್ತು. ಹಚ್ಚಿದ ಮೇಲೆಯೇ ಗುಣ ಗೊತ್ತಾಗುವುದು. ಒರಟು ಕಡ್ಡಿ ಒಗ್ಗರಣೆಯಂತೆ ಚಟಪಟ ಸಿಡಿಯುತ್ತಿತ್ತು, ಸುಟ್ಟ ಕಾಗದದ ವಾಸನೆ ಬರುತ್ತಿತ್ತು, ಕೈ ಸ್ವಲ್ಪ ತಡೆದರೆ ತಗಡಿಗೆ ತೂತು ಬೀಳುತ್ತಿತ್ತು. ಬೆಸುಗೆ ನೋಡಲು ಹುಣ್ಣು ಮಾಯ್ದಂತೆ ಕಾಣುತ್ತಿತ್ತು. ಮೆತ್ತನೆಯ ಕಡ್ಡಿ ಸದ್ದಿಲ್ಲದೆ ಉರಿಯುತ್ತಿತ್ತು. ಮೇಲಿನ ಕಿಟ್ಟ ತಾನೇ ಸಿಪ್ಪೆಯಂತೆ ಬಿಟ್ಟುಬರುತ್ತಿತ್ತು. ಕೆಳಗಿನ ಬೆಸುಗೆ ಹೆಣೆದ ಜಡೆಯ ಹಾಗೆ ನುಣ್ಣಗೆ.

ನನಗೆ ಮೆತ್ತನೆಯದೇ ಇಷ್ಟ. ಸಾವಕಾರರಿಗೂ ಅದೇ. ಉಸ್ತಾದರು ಒಂದು ದಿನ ನಾನು ಮೆತ್ತನೆ ಕಡ್ಡಿಯಲ್ಲಿ ಬೆಸೆದ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದರು. ಜಡೆ ಉದ್ದಕ್ಕೂ ಬಿಚ್ಚಿಕೊಂಡಿತು. ಒಳಮೂಲೆಯಲ್ಲಿ ಕಬ್ಬಿಣ ಕಬ್ಬಿಣಕ್ಕೆ ಹತ್ತಿಯೇ ಇರಲಿಲ್ಲ, ಕಿಟ್ಟ ಕಪ್ಪಗೆ ಕೂತಿತ್ತು. ನಾನು ಮೇಲೆ ಬರೀ ಹೊದಿಕೆ ಹೊಚ್ಚಿದ್ದೆ.

"ಇದು ನಿನ್ನ ತಪ್ಪು ಮುಚ್ಚತೈತಿ, ಬೇಟಾ," ಎಂದರು. "ಅದು ತೋರಸತೈತಿ. ಕಲಿಯೋ ಮಟಾ ತೋರಸೋದನ್ನ ಹಿಡಿ."

ಮೆತ್ತನೆಯದು ಕೆಟ್ಟದ್ದೆಂದು ಅವರು ಎಂದೂ ಹೇಳಲಿಲ್ಲ. ಕೈ ಪಳಗಿದವನು ಹಿಡಿದರೆ ಅದರಲ್ಲೂ ಗಟ್ಟಿ ಬೆಸುಗೆ ಬರುತ್ತದೆ. ಆದರೆ ಇಕ್ಕಟ್ಟು ಮೂಲೆಯಲ್ಲಿ ಅದರ ಕಿಟ್ಟ ಕಿಡಿಗಿಂತ ಮುಂದೆ ಹರಿದು, ಕಬ್ಬಿಣ ಹತ್ತುವ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಮೇಲಿನಿಂದ ಅದು ಯಾರಿಗೂ ಕಾಣುವುದಿಲ್ಲ. ಇದಿಷ್ಟು ನಾನು ಹುಡುಗರಿಗೆ ಹೇಳುವ ಅರ್ಧ.

ಯುದ್ಧ ಜೋರಾದ ಮೇಲೆ ಪೆಟ್ರೋಲು ಸಿಗದಾಯಿತು. ಬಸ್ಸುಗಳ ಹಿಂಬದಿಗೆ ಗ್ಯಾಸ್ ಪ್ಲಾಂಟ್ ಕೂಡಿಸತೊಡಗಿದರು. ಆಳೆತ್ತರದ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲು. ಇದ್ದಿಲು ಅರೆಬರೆ ಉರಿದು ಬರುವ ಗ್ಯಾಸನ್ನು ಎಂಜಿನ್ ಎಳೆದುಕೊಂಡು ಓಡುತ್ತಿತ್ತು. ಏರು ಬಂದರೆ ಜನ ಇಳಿದು ನಡೆಯಬೇಕು. ನಡುವೆ ನಿಂತು ಇದ್ದಿಲು ತುಂಬಬೇಕು, ಬೆಂಕಿ ಕೆದಕಬೇಕು, ಕಂಡಕ್ಟರ ಕೈಯಿಂದ ಗಾಳಿಯಂತ್ರ ತಿರುವಬೇಕು.

ಹಿರೇಕೆರೂರು ಬಸ್ಸಿನ ಪ್ಲಾಂಟನ್ನು ಉಸ್ತಾದರೇ ಕಟ್ಟಿದರು. ಆ ಹೊತ್ತಿಗೆ ಒರಟು ಕಡ್ಡಿ ಮುಗಿದಿದ್ದವು. ವರ್ಷವಿಡೀ ನನ್ನ ಕೈ ಪಳಗಿಸಲು ಅವನ್ನೇ ಸುಟ್ಟಿದ್ದೆವು, ಮುಂಬಯಿಯಿಂದ ಹೊಸ ಪೆಟ್ಟಿಗೆ ಬರಲಿಲ್ಲ. ಬಸ್ಸು ನಿಂತೇ ಇತ್ತು. ಸಾವಕಾರರು ದಿನಾ ಬಂದು ಅವಸರ ಮಾಡುತ್ತಿದ್ದರು. ಉಸ್ತಾದರು ಕೊನೆಗೆ ಮೆತ್ತನೆ ಕಡ್ಡಿಯಲ್ಲೇ ಬೆಸೆದರು. ಅಂಥ ಚೆಂದದ ಬೆಸುಗೆಯನ್ನು ನಾನು ಆವರೆಗೆ ಕಂಡಿರಲಿಲ್ಲ. ಸಾವಕಾರರು ಅದರ ಮೇಲೆ ಕೈಯಾಡಿಸಿ, ತೇರಿಗೆ ಮಾಲೆ ಹಾಕಿದಂಗ ಆಗೇತಿ ಎಂದರು.

ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಮಾತು ಹುಟ್ಟಿಕೊಂಡಿತು.

ಹಾನಗಲ್ಲು ದಾಟಿ ಚಿಕ್ಕೇರೂರಿನ ಹಾದಿಯಲ್ಲಿ ಒಂದು ಕೆರೆ ಇದೆ. ರಸ್ತೆ ಏರಿಯ ಕೆಳಗೆ ತಗ್ಗಿನಲ್ಲಿ ಹೋಗುತ್ತದೆ, ಅಲ್ಲಿ ಗಾಳಿ ಆಡುವುದಿಲ್ಲ. ಡ್ರೈವರ್ ಕಲ್ಲಪ್ಪ ರೇಡಿಯೇಟರಿಗೆ ನೀರು ಹಾಕಿ ಇದ್ದಿಲು ತುಂಬಲು ಅಲ್ಲೇ ನಿಲ್ಲಿಸುತ್ತಿದ್ದ. ಅಲ್ಲಿ ನಿಂತಾಗ ಹಿಂದಿನ ಸೀಟಿನಲ್ಲಿ ಕೂತವರಿಗೆ ತಲೆ ಭಾರವಾಗುತ್ತದೆ, ಕಿವಿಯಲ್ಲಿ ಜೇನು ಎದ್ದಂತೆ ಗುಂಯ್ ಎನ್ನುತ್ತದೆ, ಆಮೇಲೆ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದು ಜನ ಹೇಳತೊಡಗಿದರು. ಕರೆಯುವವರು ಪರಕೀಯರಲ್ಲ. ಒಬ್ಬನಿಗೆ ತೀರಿಹೋದ ಹೆಂಡತಿ, ಒಬ್ಬಳಿಗೆ ಹೆರಿಗೆಯಲ್ಲಿ ಸತ್ತ ಅಕ್ಕ. ಬಂಕಾಪುರದ ಒಬ್ಬ ಬಳೆಗಾರರು, ಕಂಡದ್ದನ್ನಷ್ಟೇ ನಂಬುವ ಮನುಷ್ಯ, ತೀರಿಹೋದ ತಮ್ಮ ಅಬ್ಬಾ ಪಕ್ಕದಲ್ಲೇ ಕೂತು ಬಳೆಯ ಗಂಟು ಸರಿಮಾಡಿಕೋ ಎಂದರೆಂದು ಶೆಡ್ಡಿಗೆ ಬಂದು ಹೇಳಿದರು. ಹೇಳುವಾಗ ಹೆದರಿಕೆ ಇರಲಿಲ್ಲ. ಮುಖದಲ್ಲಿ ಒಂದು ಬಗೆಯ ನಿದ್ದೆ ಇತ್ತು.

ಹಿಂದಿನ ಸೀಟು ಖಾಲಿ ಬೀಳುತ್ತದೆ ಎಂದುಕೊಂಡೆವು. ಆದದ್ದೇ ಬೇರೆ. ಸವಣೂರಿನಿಂದ, ಹಾನಗಲ್ಲಿನ ಸುತ್ತಲಿನ ಹಳ್ಳಿಗಳಿಂದ ಜನ ಆ ಸೀಟು ಕೇಳಿಕೊಂಡು ಬರತೊಡಗಿದರು. ಎಲ್ಲರೂ ಕಳೆದುಕೊಂಡವರು. ಹಿರೇಕೆರೂರಿನಲ್ಲಿ ಅವರಿಗೆ ಕೆಲಸವೇನೂ ಇರುತ್ತಿರಲಿಲ್ಲ. ಚಳಿಗೆ ಕಿಟಕಿಗಳ ಕಿತ್ತಾನಿನ ಪರದೆ ಇಳಿಬಿಟ್ಟು, ಕೆರೆಯ ಹತ್ತಿರ ಕಣ್ಣು ಮುಚ್ಚಿ, ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದರು.

ಹಾನಗಲ್ಲಿನ ದ್ಯಾಮವ್ವ ಅವರಲ್ಲಿ ಒಬ್ಬಳು. ಗಂಡ ಎಂದೋ ತೀರಿಕೊಂಡಿದ್ದ. ಒಬ್ಬನೇ ಮಗ ನಿಂಗಪ್ಪ ಮಿಲಿಟರಿ ಲಾರಿ ಓಡಿಸಲು ಬರ್ಮಾದ ಕಡೆ ಹೋದವನು, ಸುದ್ದಿ ನಿಂತುಹೋಗಿತ್ತು. ಅವಳು ಪ್ರತಿ ಸಂತೆಯ ದಿನ ಹಿಂದಿನ ಸೀಟಿನ ಮೂಲೆಯಲ್ಲಿ ಕೂಡುತ್ತಾಳೆ ಎಂದು ಕಲ್ಲಪ್ಪ ಹೇಳಿದ್ದ.

ಆ ಚಳಿಗಾಲವೇ ಚಿಕ್ಕೇರೂರಿನ ಮುದುಕಿಯೊಬ್ಬಳು ಆ ಸೀಟಿನಲ್ಲಿ ಸತ್ತಳು. ಊರು ಬಂತು ಎಂದು ಮಗಳು ಎಬ್ಬಿಸಿದಾಗ ಏಳಲಿಲ್ಲ. ನಾನು ಆ ದಿನ ಬ್ರೇಕಿನ ರಿಪೇರಿಗೆಂದು ಅದೇ ಬಸ್ಸಿನಲ್ಲಿ ಮುಂದೆ ಕೂತು ಹೋಗಿದ್ದೆ. ಎತ್ತಿ ಇಳಿಸುವಾಗ ಮುಖ ನೋಡಿದೆ. ಸತ್ತವರ ಬಣ್ಣವಲ್ಲ ಅದು. ಎರಡೂ ಗಲ್ಲ ಆಗಷ್ಟೇ ಎಣ್ಣೆನೀರು ಹಾಕಿಕೊಂಡು ಬಂದವಳಂತೆ ಕೆಂಪಗಿದ್ದವು, ತುಟಿಯೂ ಕೆಂಪು. ಕೂಡಿದ್ದ ಹೆಂಗಸರು ಕೈಮುಗಿದರು. ಗಂಡ ಬಂದು ಕರಕೊಂಡು ಹೋದ, ಪುಣ್ಯವಂತಿ ಎಂದರು.

ಶಿಗ್ಗಾಂವಿಗೆ ಬಂದು ಉಸ್ತಾದರಿಗೆ ಇದನ್ನು ಹೇಳಿದೆ. ಅವರು ಊಟಕ್ಕೆ ಕೂತಿದ್ದರು. ಗಲ್ಲದ ಬಣ್ಣ ಹೇಳುತ್ತಿದ್ದಂತೆ ತುತ್ತು ಕೆಳಗಿಟ್ಟರು. ಮುಂಬಯಿಯಲ್ಲಿ ಹಡಗಿನ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಮಲಗಿದ ಇಬ್ಬರನ್ನು ಅವರು ಹಾಗೇ ಕಂಡಿದ್ದರಂತೆ. ಇದ್ದಿಲ ಗ್ಯಾಸಿಗೆ ವಾಸನೆ ಇಲ್ಲ; ರಕ್ತಕ್ಕೆ ಇಳಿದು ಮೊದಲು ಕನಸು ತೋರಿಸುತ್ತದೆ, ಆಮೇಲೆ ಒಯ್ಯುತ್ತದೆ ಎಂದರು. ಎದ್ದು ಕೈ ತೊಳೆದರು.

ನಾನು ಬಂದ ಬಸ್ಸು ಹೊರಗೇ ನಿಂತಿತ್ತು; ಅದರ ಹಿಂಬದಿ ಶೆಡ್ಡಿನ ಕಡೆ ಬರುವಂತೆ ತಿರುಗಿಸಿ ನಿಲ್ಲಿಸಿದೆವು. ಅಂಟುವಾಳಕಾಯಿ ಕಿವುಚಿ ನೊರೆ ಎಬ್ಬಿಸಿ ಪ್ಲಾಂಟಿನ ಬೆಸುಗೆಯುದ್ದಕ್ಕೂ ಹಚ್ಚಿದೆ. ಕಂಡಕ್ಟರ ಗಾಳಿಯಂತ್ರ ತಿರುವಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಆ ಚೆಂದದ ಜಡೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಎದ್ದು, ಉಬ್ಬಿ, ಒಡೆದು, ಮತ್ತೆ ಎದ್ದವು. ಒಳಗೆ ಏನೋ ಉಸಿರಾಡುತ್ತಿದ್ದಂತೆ ಇತ್ತು. ಬಸ್ಸು ಓಡುವಾಗ ಎಂಜಿನ್ ಗ್ಯಾಸನ್ನು ಒಳಗೇ ಎಳೆದುಕೊಳ್ಳುತ್ತದೆ, ಬಿರುಕಿದ್ದರೂ ಹೊರಬರುವುದಿಲ್ಲ. ನಿಂತು ಗಾಳಿಯಂತ್ರ ತಿರುವಿದಾಗ ಹೊರಗೆ ನುಗ್ಗುತ್ತದೆ. ಅದು ನುಗ್ಗುವುದು ಹಿಂದಿನ ಸೀಟಿನ ಹಲಗೆ ಸಂದಿಗೆ. ಕೆರೆಯ ತಗ್ಗಿನಲ್ಲಿ ಅದನ್ನು ಹೊತ್ತೊಯ್ಯಲು ಗಾಳಿಯೂ ಇಲ್ಲ.

ಉಸ್ತಾದರು ಗುಳ್ಳೆ ಏಳುವ ಅಂಚಿನ ಮೇಲೆ ಬೆರಳಿಟ್ಟರು.

"ನಂದ ಕೈ ಇದು," ಎಂದರು.

ಸಾವಕಾರರು ನಂಬಲಿಲ್ಲ. ಅವರಿಗೆ ಕೆರೆಯ ದೆವ್ವದ ಮೇಲೆಯೇ ನಂಬಿಕೆ. ಮುಂಬದಿಗೆ ನಿಂಬೆಹಣ್ಣು ಕಟ್ಟಿಸಿದ್ದರು. ಉಸ್ತಾದರು ಬಸ್ಸಿನ ಸ್ಟಾರ್ಟಿಂಗ್ ಹ್ಯಾಂಡಲ್ ತೆಗೆದು ತಮ್ಮ ಬಗಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಆಗ ಒಂದು ದಿನದ ಬಿಡುವು ಸಿಕ್ಕಿತು.

ಸುದ್ದಿ ಹೇಗೋ ಹಾನಗಲ್ಲಿಗೆ ಮುಟ್ಟಿತು. ಮರುದಿನ ನಾನು ಚಾಣದಿಂದ ಹಳೆಯ ಬೆಸುಗೆ ಕಡಿಯುತ್ತಿರುವಾಗ ದ್ಯಾಮವ್ವ ಶೆಡ್ಡಿಗೆ ಬಂದು ನಿಂತಳು. ಬಂಕಾಪುರದ ತನಕ ಯಾರದೋ ಚಕ್ಕಡಿ, ಅಲ್ಲಿಂದ ನಡೆದು ಬಂದಿದ್ದಳು. ಗಟ್ಟಿ ಹೆಣ್ಣುಮಗಳು, ಅತ್ತವಳ ಕಣ್ಣಲ್ಲ.

"ಮುಚ್ಚಬ್ಯಾಡ್ರಿ ಅದನ್ನ," ಎಂದಳು.

ಒಬ್ಬಾಕೆ ಸತ್ತಿದ್ದಾಳೆ, ಅದು ವಿಷದ ಗ್ಯಾಸು, ಕೇಳುವುದೆಲ್ಲ ಭ್ರಮೆ ಎಂದು ನಾನು ತಿಳಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ತನ್ನ ಲೆಕ್ಕ ಹೇಳಿದಳು. ಆ ಸೀಟಿನಲ್ಲಿ ಸತ್ತವರಷ್ಟೇ ಮಾತಾಡುತ್ತಾರೆ. ತನ್ನ ಗಂಡ ಮಾತಾಡಿದ್ದಾನೆ, ತಾಯಿ ಮಾತಾಡಿದ್ದಾಳೆ, ಹುಟ್ಟಿದ ವಾರಕ್ಕೇ ಹೋದ ಕೂಸು ಅತ್ತಿದೆ.

"ನಿಂಗ್ಯಾ ಒಂದು ದಿನಾನೂ ಕರದಿಲ್ರಿ. ಅದಕ್ಕ ನಾ ಕುಂಡ್ರಾಕ ಹೊಕ್ಕೇನಿ. ಕರೀಲಿಲ್ಲ ಅಂದ್ರ ಜೀವಂತ ಅದಾನ. ನೀವು ಮುಚ್ಚಿದ್ರ ನನಗ ಹೆಂಗ ಗೊತ್ತಾಗಬೇಕ್ರಿ?"

ಉಸ್ತಾದರು ಅವಳಿಗೆ ನೀರು ಕೊಡಿಸಿ, ನೆರಳಿನಲ್ಲಿ ಕೂಡಿಸಿದರು. ಆಮೇಲೆ ಮೂಲೆಯಿಂದ ಒಂದು ಡಬ್ಬಿ ತಂದು ನನ್ನ ಮುಂದೆ ಸುರಿದರು. ನಾನು ಅಭ್ಯಾಸ ಮಾಡಿ ಬಿಸುಟ ಒರಟು ಕಡ್ಡಿಯ ಮೋಟುಗಳು. ಬೆರಳುದ್ದದವು, ಕೆಲವು ಅದಕ್ಕೂ ಗಿಡ್ಡ. ಕಸದಿಂದ ಆರಿಸಿ ಇಟ್ಟಿದ್ದರು.

"ಈ ಕಡ್ಡಿಗೆ ಈಗ ನನ್ನ ಕೈಕಿಂತ ನಿನ್ನ ಕೈ ಹೊಂದೇತಿ. ನೀನೇ ಮಾಡು," ಎಂದರು.

ತೆಳು ತಗಡಿಗೆ ಒರಟು ಕಡ್ಡಿ ಹಚ್ಚುವುದು ಸುಲಭವಲ್ಲ. ಕಿಡಿಯನ್ನು ಮುಂದಕ್ಕೆ ಚಿಮ್ಮಿಸಿ, ಹಿಂದಿನದು ತುಸು ಆರುವಷ್ಟರಲ್ಲಿ ಮರಳಿ ತರಬೇಕು. ಮೋಟು ಮುಗಿದಂತೆಲ್ಲ ಹೋಲ್ಡರು ಬೆಂಕಿಯ ಹತ್ತಿರ ಬಂದು ಕೈ ಸುಡುತ್ತಿತ್ತು. ಕರಿಗಾಜಿನೊಳಗಿಂದ ನೋಡುವಾಗ ಕರಗಿದ ಕಬ್ಬಿಣ ಬಿರುಕಿನ ತಳಕ್ಕೆ ಇಳಿದು ಎರಡೂ ಅಂಚು ಹಿಡಿಯುವುದು ಕಾಣುತ್ತಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ. ಆದರೂ ಅಲ್ಲಿ ಕೂತ ಆ ಹೆಂಗಸು ನನ್ನ ಬೆನ್ನನ್ನೇ ನೋಡುತ್ತಿದ್ದಾಳೆ ಎಂಬುದು ಮೈಗೆ ಗೊತ್ತಾಗುತ್ತಿತ್ತು. ಸಂಜೆಗೆ ಮುಗಿಯಿತು. ನೋಡಲು ಕುರೂಪದ ಬೆಸುಗೆ. ನೊರೆ ಹಚ್ಚಿ ಗಾಳಿ ತಿರುವಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಮೊದಲ ಓಟಕ್ಕೆ ಜೊತೆಗೆ ಹೋಗು ಎಂದು ಉಸ್ತಾದರು ನನ್ನನ್ನು ಕಳಿಸಿದರು. ದ್ಯಾಮವ್ವ ರಾತ್ರಿ ಯಾರದೋ ಮನೆಯಲ್ಲಿ ಇದ್ದು ಬೆಳಿಗ್ಗೆ ಅದೇ ಬಸ್ಸಿಗೆ ಬಂದಳು, ಅದೇ ಮೂಲೆಯಲ್ಲಿ ಕೂತಳು. ಹಾನಗಲ್ಲಿನಲ್ಲಿ ಇಳಿಯಲಿಲ್ಲ. ನಾನು ಪರದೆಗಳನ್ನೆಲ್ಲ ಮೇಲಕ್ಕೆ ಸುತ್ತಿ ಕಟ್ಟಿದ್ದೆ. ಕೆರೆಯ ಹತ್ತಿರ ಬಸ್ಸು ನಿಂತಾಗ ನಡು ಮಧ್ಯಾಹ್ನ. ಕಂಡಕ್ಟರ ಗಾಳಿಯಂತ್ರ ತಿರುವುವಾಗ ಇನ್ನೊಮ್ಮೆ ನೊರೆ ಹಚ್ಚಿ ನೋಡಿದೆ. ಬೆಸುಗೆ ಬಿಗಿಯಾಗಿತ್ತು. ಆಮೇಲೆ ಒಳಗೆ ಹೋಗಿ ಅವಳ ಪಕ್ಕಕ್ಕೆ ಕೂತೆ. ತಲೆ ಹಗುರಾಗಿತ್ತು, ಕಿವಿಯಲ್ಲಿ ಸದ್ದಿಲ್ಲ. ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಬೆಳ್ಳಕ್ಕಿಗಳು ನೀರಿನ ಅಂಚಿಗೆ ನಿಂತಿದ್ದವು.

"ಅವ್ವ" ಎಂದು ಯಾರೋ ಅಂದರು.

ಗಂಡಸಿನ ದನಿ, ತುಸು ಒಡೆದದ್ದು, ದಣಿದದ್ದು. ನಮ್ಮ ಬೆನ್ನ ಹಿಂದಿನಿಂದಲೇ ಬಂತು. ನಾನು ತಿರುಗಿ ನೋಡಿದೆ. ಪ್ಲಾಂಟು, ಅದರಾಚೆ ಏರಿ. ಕಂಡಕ್ಟರ ಅಷ್ಟರಲ್ಲಿ ಕೊಡ ಹಿಡಿದು ನೀರಿಗೆ ಇಳಿದಿದ್ದ, ದೂರದಲ್ಲಿದ್ದ. ಕಲ್ಲಪ್ಪ ಮುಂದೆ ಬಾನೆಟ್ಟಿನೊಳಗೆ ಬಗ್ಗಿದ್ದ.

ದ್ಯಾಮವ್ವ ತಿರುಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಬಸ್ಸು ಹೊರಟ ಮೇಲೆ ಸೆರಗು ಇಳಿಸಿ, "ಇನ್ನ ಮುಚ್ಚಿದ್ರೂ ಚಿಂತಿಲ್ರಿ," ಎಂದಳು.

ಅವಳು ಮಗ ತೀರಿದನೆಂದೇ ತಿಳಿದು ಅವನ ಹೆಸರಿನಲ್ಲಿ ಕಾರ್ಯ ಮಾಡಿ ಓಣಿಗೆಲ್ಲ ಊಟ ಹಾಕಿದಳು. ಮತ್ತೆ ಬಸ್ಸು ಹತ್ತಲಿಲ್ಲ. ನಾನು ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಉಸ್ತಾದರು ಮೊದಲ ಓಟ ಹೇಗಾಯಿತು ಎಂದು ವಿಚಾರಿಸಿದರು, ಬೆಸುಗೆ ಬಿಗಿ ಇದೆ ಎಂದೆ. ಅಂದಿನಿಂದ ಅವರು ಹೋಲ್ಡರು ಹಿಡಿದದ್ದು ಕಡಿಮೆ. ಮುಂದೆ ಕೂತು ಹೇಳಿಕೊಡುತ್ತಿದ್ದರು. ಗ್ಯಾಸಿನ ಕೆಲಸ ಯಾವುದೇ ಬರಲಿ, ನೊರೆ ಹಚ್ಚದೆ ಶೆಡ್ಡಿನಿಂದ ಹೊರಬಿಡಬಾರದೆಂದು ಪದ್ಧತಿ ಮಾಡಿದರು. ಜನರ ಮಾತೂ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಕೂತು ಬಂದ ಕೆಲವರು ಇಳಿಯುವಾಗ ನನ್ನನ್ನು ನೋಡುತ್ತಿದ್ದ ರೀತಿ ಮಾತ್ರ ಮರೆಯಲಾಗದು. ಅವರ ಮನೆಯ ಬಾಗಿಲಿಗೆ ನಾನು ಕೀಲಿ ಹಾಕಿದ್ದೇನೆ ಎನ್ನುವ ಹಾಗೆ ನೋಡುತ್ತಿದ್ದರು.

ಯುದ್ಧ ಮುಗಿಯಿತು. ಪೆಟ್ರೋಲು ಮತ್ತೆ ಬಂತು, ಪ್ಲಾಂಟುಗಳನ್ನು ಬಿಚ್ಚಿ ಗುಜರಿಗೆ ಹಾಕಿದೆವು. ಒಂದು ಮುಂಜಾನೆ ನಾನು ಮುಖಕ್ಕೆ ಕರಿಗಾಜು ಹಿಡಿದು ಕೆಲಸದಲ್ಲಿದ್ದಾಗ ಹಿಂದಿನಿಂದ ಯಾರೋ "ಅಣ್ಣಾರ" ಎಂದು ಕರೆದರು. ಕೈಯಲ್ಲಿನ ಕಡ್ಡಿ ತಗಡಿಗೆ ಅಂಟಿಕೊಂಡಿತು. ಆ ದನಿ ನನಗೆ ಗೊತ್ತಿತ್ತು. ಕಡ್ಡಿಯನ್ನು ಕಿತ್ತು ತೆಗೆದು, ಆಮೇಲೆ ಗಾಜು ಇಳಿಸಿದೆ.

ಬಾಗಿಲಲ್ಲಿ ನಿಂತವನು ನಿಂಗಪ್ಪ, ದ್ಯಾಮವ್ವನ ಮಗ. ಸೊರಗಿದ್ದ. ಮೈಮೇಲೆ ಮಿಲಿಟರಿ ಅಂಗಿ. ಮನೆಗೆ ಬಂದು ಎಷ್ಟೋ ದಿನ ಆಗಿತ್ತಂತೆ. ತಾಯಿ ಒಳಗೆ ಕರೆದಳು, ಕಾಲಿಗೆ ನೀರು ಕೊಟ್ಟಳು, ಯಾವ ಊರಿನವರು ಎಂದು ಕೇಳಿದಳು. ಓಣಿಯವರೆಲ್ಲ ಬಂದು ಇವನೇ ನಿಂಗಪ್ಪ ಎಂದರು. ಮೊಣಕಾಲಿನ ಹಳೆಯ ಗಾಯ ತೋರಿಸಿದ. ಹೌದ್ರಿ, ಥೇಟ್ ಅವನಂಗ ಅದಾರ ಎಂದಳಂತೆ. ಉಳಿದದ್ದರಲ್ಲಿ ಬುದ್ಧಿ ನೆಟ್ಟಗಿದೆ. ಅಡಿಗೆ ಮಾಡುತ್ತಾಳೆ, ಎಮ್ಮೆ ಹಿಂಡುತ್ತಾಳೆ.

"ಹಡದ ತಾಯಿ ನನಗ 'ಉಣ್ರಿ' ಅಂತಾಳ್ರಿ," ಎಂದ. "ಅವತ್ತು ನೀವು ಬಾಜೂಕ ಕುಂತಿದ್ರಂತ. ಏನ ಕೇಳಿಸ್ತು?"

ನಾನು ಕೇಳಿದ್ದನ್ನು ಹೇಳಿದೆ. ಯಾರ ದನಿ ಎಂದು ಕೇಳಿದ. ನಿನ್ನದೇ ಎಂದೆ.

ಅವನು ನೆಲದ ಮೇಲೆ ಕೂತ. ಆ ಚಳಿಗಾಲ ಬರ್ಮಾದ ಗಡಿಯಲ್ಲಿ ಜ್ವರದಿಂದ ದಿನಗಟ್ಟಲೆ ಎಚ್ಚರ ತಪ್ಪಿ ಡೇರೆಯಲ್ಲಿ ಬಿದ್ದಿದ್ದನಂತೆ. ಆಗ ಏನು ಮಾತಾಡಿದನೋ ನೆನಪಿಲ್ಲ. "ಕರದಿರಬೇಕ್ರಿ," ಎಂದಷ್ಟೇ ಹೇಳಿದ.

ಇದನ್ನು ಅವಳಿಗೆ ಹೇಳೋಣ ಬಾ ಎಂದು ನಾನೇ ಹಾನಗಲ್ಲಿಗೆ ಹೋದೆ. ದ್ಯಾಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಗುರುತು ಹಿಡಿದಳು, ಕುಂಡ್ರಿ ಎಂದಳು. ಅವತ್ತು ಬಿರುಕು ಇರಲಿಲ್ಲ, ಗ್ಯಾಸು ಇರಲಿಲ್ಲ, ಆ ದನಿ ನಾನೂ ಕೇಳಿದೆ, ಅದು ಸತ್ತವನ ದನಿಯಲ್ಲ, ಜ್ವರದಲ್ಲಿ ಬಿದ್ದು ನಿನ್ನನ್ನು ನೆನೆಸಿದ ಜೀವಂತ ಮಗನ ದನಿ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅವಳ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯಿತು. ಮುಖ ಬೆಳಗಿತು. ಗೆದ್ದೆ ಎಂದುಕೊಂಡೆ.

ಅವಳು ನಿಂಗಪ್ಪನ ಕಡೆ ತಿರುಗಿದಳು.

"ನೀವೂ ಆ ಕಡಿಯಿಂದನ ಬಂದವ್ರು. ಅಲ್ಲೆ ಜ್ವರದಾಗ ಬಿದ್ದ ನನ್ನ ಮಗನ್ನ ಏನರ ಕಂಡ್ರೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ನಿಂಗಪ್ಪ ನನ್ನ ಮೊಣಕೈ ಹಿಡಿದ.

"ಕಂಡೇನ್ರಿ," ಎಂದ. "ಅರಾಮ ಆಗ್ಯಾನ. ಬರ್ತಾನ."

ದ್ಯಾಮವ್ವ ಸೀದ ರೊಟ್ಟಿ ತೆಗೆದು ಬದಿಗಿಟ್ಟು, ಹೊಸದೊಂದನ್ನು ಬಡಿದು ಬೇಯಿಸಿ ಅವನ ತಾಟಿಗೆ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು.

"ಹಂಗಾದ್ರ ಅವಾ ಬರೋ ಮಟಾ ನೀವು ಇಲ್ಲೇ ಇರ್ರಿ," ಎಂದಳು.

ಅವಳಿರುವ ತನಕ ಅವನು ಆ ಮನೆಯಲ್ಲೇ ಇದ್ದ.